ಹೀರೋ ಮುಖ ಅಂಟಿಸಿದರೆ ಗೇಮ್ ಆಗಲ್ಲ

ಸಿನಿಮಾ ರಿಲೀಸ್ ಆಗೋ ವಾರಕ್ಕೆ ಸರಿಯಾಗಿ ಫೋನಿಗೊಂದು ಗೇಮ್ ಬಿಡುವ ಚಾಳಿ ಇದೆಯಲ್ಲ, ಅದನ್ನು ಗೇಮ್ ಅಂತ ಕರೆಯುವುದನ್ನು ಮೊದಲು ನಿಲ್ಲಿಸೋಣ. ಅದು ಬೆರಳಲ್ಲಿ ಒತ್ತುವ ಪೋಸ್ಟರ್. ಹೀರೋ ಓಡ್ತಾನೆ, ನಾಣ್ಯ ಆರಿಸ್ತಾನೆ, ಅಡ್ಡ ಬಂದದ್ದನ್ನು ಹಾರ್ತಾನೆ. ಮುಖ ಬದಲಿಸಿದರೆ ಮುಂದಿನ ಸಿನಿಮಾಕ್ಕೂ ನಡೆಯುತ್ತೆ.

"ಅಲ್ರೀ, ಪ್ರಚಾರಕ್ಕೆ ಮಾಡೋದು, ಅಷ್ಟು ಸಾಕು" ಅಂತಾರೆ. ಸಾಕಾಗಲ್ಲ ಅನ್ನೋದು 1982ರಲ್ಲೇ ಗೊತ್ತಾಗಿದೆ. ಸ್ಪೀಲ್‌ಬರ್ಗ್‌ರ 'ಇ.ಟಿ.' ಆ ವರ್ಷ ಭರ್ಜರಿ ಓಡಿತು. ಕ್ರಿಸ್‌ಮಸ್ ಮಾರಾಟಕ್ಕೆ ಗೇಮ್ ಬೇಕಿತ್ತು. ಅಟಾರಿ ಕಂಪನಿಯ ಪ್ರೋಗ್ರಾಮರ್ ಹೊವಾರ್ಡ್ ಸ್ಕಾಟ್ ವಾರ್ಷಾಗೆ ಸಿಕ್ಕಿದ್ದು ಐದು ವಾರ ಚಿಲ್ಲರೆ. ಆಡೋರು ಪದೇ ಪದೇ ಗುಂಡಿಗೆ ಬೀಳ್ತಿದ್ರು. ಉಳಿದ ಕ್ಯಾಸೆಟ್‌ಗಳಲ್ಲಿ ಒಂದಷ್ಟನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಕಸದ ಜೊತೆ ಹೂತರು, 2014ರಲ್ಲಿ ಕೆಲವನ್ನು ಅಗೆದು ತೆಗೆದರು. ಜನರ ಬಾಯಲ್ಲಿ ಉಳಿದದ್ದು ವಾರ್ಷಾ ಹೆಸರು. ಆ ತಾರೀಖು ಗೊತ್ತು ಮಾಡಿದವರು ಯಾರಂತ ನಿಮಗೆ ನೆನಪಿದೆಯಾ? ಐಟಿಯಲ್ಲಿರೋ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಡೆ 'ಗೋಲ್ಡನ್‌ಐ'. ಬಾಂಡ್ ಸಿನಿಮಾ 1995, ಗೇಮ್ 1997. ರೇರ್ ಕಂಪನಿಯ ಆ ತಂಡದಲ್ಲಿ ಹೆಚ್ಚಿನವರಿಗೆ ಅದೇ ಮೊದಲ ಗೇಮ್. ಶೂಟಿಂಗ್ ಸೆಟ್ ನೋಡಿ ಬಂದು, ಅಲ್ಲಿನ ಜಾಗಗಳನ್ನೇ ಆಟಕ್ಕೆ ಇಳಿಸಿದರು. ಎರಡು ವರ್ಷ ತಡವಾದರೂ ನಾಲ್ಕು ಜನ ಒಂದೇ ಟಿವಿ ಮುಂದೆ ಕೂತು ಆಡಿದ ಆಟ ಅದು.

ಕೊಳಗಲ್ಲಿಗೆ ನಿಂಟೆಂಡೊ 64 ಎಲ್ಲಿಂದ ಬರಬೇಕು? ನಮ್ಮದು ಬಳ್ಳಾರಿಯಿಂದ ತಂದ ಡೂಪ್ಲಿಕೇಟ್ ಟಿವಿ ಗೇಮ್, ಅದರಲ್ಲಿ ಸನ್‌ಸಾಫ್ಟ್‌ನವರ 'ಬ್ಯಾಟ್‌ಮನ್'. 1989ರ ಆ ಸಿನಿಮಾವನ್ನು ನಮ್ಮ ಓಣಿಯಲ್ಲಿ ಒಬ್ಬರೂ ನೋಡಿರಲಿಲ್ಲ. ಆದರೂ ಗೋಡೆಗೆ ಕಾಲು ಕೊಟ್ಟು ಎದುರು ಗೋಡೆಗೆ ಚಿಮ್ಮೋದನ್ನು ಕಲಿಯೋಕೆ ಕರೆಂಟ್ ಇರೋ ಅಷ್ಟೂ ಹೊತ್ತು ಕೂತಿರ್ತಿದ್ವಿ. ಹೀರೋ ಯಾರಂತ ಗೊತ್ತಿಲ್ಲದವನೂ ಆಡಬೇಕು. ನಾನು ಇಡೋ ಪರೀಕ್ಷೆ ಅದೊಂದೇ.

ಕನ್ನಡದಲ್ಲಿ ಸರಕಿಲ್ವಾ? 'ಕೆಜಿಎಫ್' ನೋಡಿ. ಮೊದಲ ಭಾಗ 2018ರ ಡಿಸೆಂಬರ್, ಎರಡನೆಯದು 2022ರ ಏಪ್ರಿಲ್. ನಡುವೆ ಮೂರು ವರ್ಷಕ್ಕೂ ಹೆಚ್ಚು. ಕಾವಲಿನವರು ಯಾವಾಗ ಬದಲಾಗ್ತಾರೆ, ಯಾವ ದಾರಿ ಎಲ್ಲಿಗೆ ಹೋಗುತ್ತೆ, ಯಾರನ್ನು ನಂಬಬಹುದು: ನರಾಚಿ ಗಣಿಯೊಳಗೆ ರಾಕಿ ಲೆಕ್ಕ ಹಾಕೋದೇ ಇದನ್ನ. ಆಟ ಸಿನಿಮಾದೊಳಗೇ ಐತೆ. ಬೇಕಿರೋದು ಹತ್ತು ಜನ, ಎರಡು ವರ್ಷ, ಮತ್ತೆ ರಿಲೀಸ್ ಡೇಟ್ ಹಿಡಿದು ಬೆನ್ನು ಬೀಳದ ಒಬ್ಬ ನಿರ್ಮಾಪಕ. ಕಟೌಟ್‌ಗೆ ಹಾಲು ಸುರಿಯೋಕೆ ದುಡ್ಡು ಹುಟ್ಟುವ ನಾಡಲ್ಲಿ ಇದಕ್ಕೆ ಬಜೆಟ್ ಇಲ್ಲ ಅಂದ್ರೆ ನಾನಂತೂ ನಂಬಲ್ಲ.