ಕಾಡುಹಣ್ಣಿಗೂ ಒಂದು ಎಲೆ ಹಾಕೋಣ
ಪುಳಿಯೋಗರೆಗೆಂದೇ ಮೇಲುಕೋಟೆಯ ಬೆಟ್ಟ ಹತ್ತುವವರಿದ್ದಾರೆ. ಆದರೆ ಪಾಂಡವಪುರದ ಕಡೆಯಿಂದ ಕೃಷ್ಣರಾಜಪೇಟೆಯ ನಾರಾಯಣದುರ್ಗದವರೆಗೆ ಹಬ್ಬಿದ ಕುರುಚಲು ಸೀಮೆಯ ರುಚಿ ಅವರ ನಾಲಿಗೆಗೆ ಸಿಗುವುದೇ ಇಲ್ಲ. ಚಳಿಗಾಲಕ್ಕೆ ಎಲಚಿ, ಬೇಸಿಗೆಯ ಕೊನೆಗೆ ಕವಳೆ, ಮುಂಗಾರಿಗೆ ನೇರಳೆ. ಮುಳ್ಳಿನ ಸಂದಿಗೆ ಬೆರಳು ತೂರಿಸಿ ಕಪ್ಪಗೆ ಕಳಿತ ಕವಳೆ ಕಿತ್ತರೆ ತೊಟ್ಟಿನಲ್ಲಿ ಬಿಳಿ ಹಾಲು ಜಿನುಗುತ್ತದೆ. ಬಾಯಿಗಿಟ್ಟರೆ ಮೊದಲು ಸಿಹಿ, ಹಿಂದೆಯೇ ಹುಳಿ, ತುಟಿಗೆ ಅಂಟು. ಕಾಯಿಯಾದರೆ ಉಪ್ಪಿನಕಾಯಿಗೆ ಸೈ. ಎಲಚಿಯನ್ನು ಬೆಲ್ಲ, ಉಪ್ಪು, ಒಣಮೆಣಸಿನಕಾಯಿಯೊಂದಿಗೆ ಕುಟ್ಟಿ ಒಣಗಿಸಿದ ವಡೆ ತಿಂಗಳುಗಟ್ಟಲೆ ಕೆಡದು. ಫಿನ್ಲೆಂಡಿನಲ್ಲಿ ಕಾಡಿನ ಬೆರ್ರಿ ಆಯುವುದು ಎಲ್ಲರ ಹಕ್ಕು. ಪ್ರವಾಸಿಗರೂ ಅದಕ್ಕಾಗಿ ಬುಟ್ಟಿ ಹಿಡಿದು ಹೋಗುತ್ತಾರೆ. ಆ ಮಾದರಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು. ಮೇಲುಕೋಟೆಯ ಕಾಡು 1974ರಲ್ಲೇ ವನ್ಯಧಾಮವಾಗಿದೆ. ಅಲ್ಲಿ ಪ್ರವಾಸಿಗರು ಬೇಕಾದ್ದನ್ನು ಕಿತ್ತುಕೊಳ್ಳುವಂತಿಲ್ಲ, ಕೀಳಲೂಬಾರದು. ಆ ಹಣ್ಣು ಪಿಕಳಾರ ಹಕ್ಕಿಗಳ ಪಾಲು. ಅವು ತಿಂದು ಉದುರಿಸಿದ ಬೀಜದಿಂದಲೇ ಕುರುಚಲು ಕಾಡು ಮತ್ತೆ ಚಿಗುರಬೇಕು. ನಮ್ಮ ಪಾಲಿಗೆ ಹೊಲದ ಬದು, ಊರ ಬೇಲಿ ಇವೆಯಲ್ಲ! ತಂತಿ ಬೇಲಿ ಬಂದಮೇಲೆ ಕಡಿದೊಗೆದ ಕವಳೆ, ಎಲಚಿಯನ್ನು ಅಲ್ಲೇ ಮತ್ತೆ ನೆಡೋಣ. ಮಳೆ ಕಡಿಮೆಯಿದ್ದರೂ ಅವು ತಾಳುತ್ತವೆ, ದನ ನುಗ್ಗದಂತೆ ತಡೆಯುತ್ತವೆ. ಹಣ್ಣಿನ ಕಾಲದಲ್ಲಿ ಊರ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಬಂದವರಿಗೆ ಬೇಲಿ ತೋರಿಸಿ, ಹಣ್ಣು ಬಿಡಿಸಲು ಕಲಿಸಿ, ವಡೆ, ಉಪ್ಪಿನಕಾಯಿ ಮಾರಲಿ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಬರುವ ಜನಸಾಗರಕ್ಕೆ ಪುಳಿಯೋಗರೆಯ ಪಕ್ಕದಲ್ಲೇ ಎಲಚಿ ವಡೆಯೂ ಸಿಗಲಿ. ಅದರ ದುಡ್ಡು ಬೇಲಿ ಬೆಳೆಸಿದವರ ಕೈಗೇ ಸೇರಲಿ.