ಅಂಚಿನ ಪಟ್ಟಿ ಅಲಂಕಾರವಲ್ಲ

ಮನೆಯಲ್ಲೇ ಸಣ್ಣ ದೋಣಿ ಕಟ್ಟುವವರು ಎಡವುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ. ಪ್ಲೈವುಡ್ ಹಲಗೆಗಳು ಕೂಡಿ ದೋಣಿಯ ಆಕಾರ ಬಂದಾಗಿರುತ್ತದೆ. ಉಳಿದದ್ದು ಮೇಲಂಚಿನುದ್ದಕ್ಕೂ ಮರದ ಪಟ್ಟಿ ಕೂರಿಸುವುದು, ಬಣ್ಣ ಬಳಿಯುವುದು, ನೀರಿಗಿಳಿಸುವುದು. ಪಟ್ಟಿಯನ್ನೂ ಬಣ್ಣದ ಜೊತೆ ‘ಫಿನಿಶಿಂಗ್’ ಲೆಕ್ಕಕ್ಕೆ ಸೇರಿಸಿದಲ್ಲೇ ತಪ್ಪು ಶುರುವಾಗುತ್ತದೆ.

1963ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ಮಿರರ್’ ದೋಣಿಯನ್ನೇ ನೋಡಿ. ಮನೆಯ ರಿಪೇರಿ ಕೆಲಸಗಳನ್ನು ಟಿವಿಯಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಇದನ್ನು ರೂಪಿಸಿದರು. ಸುಮಾರು 3.3 ಮೀಟರ್ ಉದ್ದದ ಈ ದೋಣಿಯ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗ್ಲಾಸ್‌ಫೈಬರ್ ಟೇಪು ಅಂಟಿಸುತ್ತಾರೆ. ದೋಣಿ ಹೊಲಿಯುವುದು ಭಾರತದ ಪಶ್ಚಿಮ ಕರಾವಳಿಗೂ ಹೊಸದಲ್ಲ. ಅಲ್ಲಿ ಆ ಕೆಲಸಕ್ಕೆ ತೆಂಗಿನ ನಾರಿನ ಹಗ್ಗವಿತ್ತು. ಹೊಲಿಗೆಯಿಂದ ಆಕಾರ ಬರುತ್ತದೆ, ನಿಜ. ಆದರೆ ತೆಳು ಪ್ಲೈವುಡ್ಡಿನ ಮೇಲಂಚು ಕೈಯಿಂದ ಒತ್ತಿದರೂ ಬಳುಕುತ್ತದೆ. ಅದನ್ನು ಬಿಗಿಯಾಗಿ ಹಿಡಿಯುವುದು, ದಡದ ಕಲ್ಲಿಗೆ ತಾಗಿದಾಗ ಮೊದಲ ಪೆಟ್ಟು ತಿನ್ನುವುದು, ಎತ್ತುವವರ ಕೈಗೆ ಹಿಡಿತ ಕೊಡುವುದು ಇದೇ ಪಟ್ಟಿ.

ಆತುರಗಾರರು ಒಂದೇ ದಪ್ಪ ಪಟ್ಟಿ ತಂದು ಬಲವಂತವಾಗಿ ಬಗ್ಗಿಸುತ್ತಾರೆ. ದಪ್ಪ ಎರಡರಷ್ಟಾದರೆ ಬಗ್ಗಿಸಲು ಎಂಟರಷ್ಟು ಬಲ ಬೇಕು. ಹಾಗಾಗಿ 20 ಮಿ.ಮೀ. ಪಟ್ಟಿ ಮುಂಭಾಗದ ತಿರುವಿನಲ್ಲಿ ಸೀಳಬಹುದು, ಇಲ್ಲವೇ ದೋಣಿಯ ಆಕಾರವನ್ನೇ ಕೆಡಿಸಬಹುದು. ಅದರ ಬದಲು 10 ಮಿ.ಮೀ.ನ ಎರಡು ಪಟ್ಟಿಗಳನ್ನು ಒಂದಾದ ಮೇಲೊಂದು ಬಗ್ಗಿಸಿ ಎಪಾಕ್ಸಿಯಿಂದ ಅಂಟಿಸಿದರೆ, ಬಗ್ಗುವಾಗ ಅವು ಹೇಳಿದಂತೆ ಕೇಳುತ್ತವೆ. ಅಂಟು ಗಟ್ಟಿಯಾದ ಮೇಲೆ ಒಂದೇ ಪಟ್ಟಿಯಂತೆ ನಿಲ್ಲುತ್ತವೆ. ಎಡಕ್ಕೊಂದು ಕೂರಿಸಿದ ಕೂಡಲೇ ಬಲಕ್ಕೂ ಒಂದು ಕೂರಿಸಬೇಕು. ಒಂದೇ ಕಡೆ ಮುಗಿಸಿಬಿಟ್ಟರೆ ದೋಣಿ ಆ ಕಡೆಗೆ ಸೊಟ್ಟಗಾಗುವ ಭಯ.

‘ಇಷ್ಟೊಂದು ಕ್ಲಾಂಪು ಯಾರ ಹತ್ತಿರ ಇರುತ್ತದೆ? ನಾಲ್ಕು ಸ್ಕ್ರೂ ಬಿಗಿದರೆ ಸಾಲದೇ?’ ಎಂಬ ಮಾತಿದೆ. ಕ್ಲಾಂಪಿನ ಕೊರತೆ ದೊಡ್ಡದಲ್ಲ, ಪಕ್ಕದ ಬಡಗಿಯಿಂದ ಎರವಲು ತರಬಹುದು. ಸ್ಕ್ರೂ ಹಿಡಿಯುವುದು ಅದು ಕೂತ ಜಾಗವನ್ನು ಮಾತ್ರ. ಎರಡು ಸ್ಕ್ರೂಗಳ ನಡುವಿನ ಬಿರುಕಿಗೆ ನೀರು ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ. ಹೊರಗೆ ವಾರ್ನಿಷ್ ಹೊಳೆಯುತ್ತಿದ್ದರೂ ಒಳಗೆ ಮರ ಕೊಳೆಯುತ್ತಿರುತ್ತದೆ. ಅದು ಗೊತ್ತಾಗುವ ಹೊತ್ತಿಗೆ ಪಟ್ಟಿಯ ಜೊತೆ ಹಲಗೆಯ ಅಂಚನ್ನೂ ಕತ್ತರಿಸಿ ತೆಗೆಯಬೇಕಾದೀತು.

ಪಟ್ಟಿಗೆ ಒಂದು ವಾರ ಹೆಚ್ಚಾದರೆ ಆಗಲಿ. ಎರಡೂ ಬದಿ ಅಂಟು ಗಟ್ಟಿಯಾಗಿ, ಪಟ್ಟಿಯ ತುದಿಗಳಿಗೂ ಎಪಾಕ್ಸಿ ಕುಡಿಸಿದ ಮೇಲೆ ಬಣ್ಣದ ಡಬ್ಬ ತೆರೆದರೆ ಸಾಕು. ಆ ದೋಣಿಯಲ್ಲಿ ಕೂರುವವರು ಮನೆಯ ಮಕ್ಕಳೇ ತಾನೇ.