ರೌಟರ್ ಕೊಳ್ಳುವ ಮುನ್ನ

ರಾತ್ರಿ ಹತ್ತೂವರೆ. ಸಿಇಟಿ ಆಯ್ಕೆಗಳನ್ನು ದಾಖಲಿಸಲು ಅಂದೇ ಕೊನೆಯ ದಿನ. ಮಗಳು ಕಾಲೇಜುಗಳ ಪಟ್ಟಿ ತುಂಬಿಸಿ ಗುಂಡಿ ಒತ್ತಿದ್ದಾಳೆ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ. ‘ಅಪ್ಪಾ, ನೆಟ್ ಮತ್ತೆ ಹೋಯ್ತು!’ ಅಪ್ಪನ ಮೊಬೈಲಿನ ನೆರವಿನಿಂದ ಹೇಗೋ ಕೆಲಸ ಮುಗಿಯುತ್ತದೆ. ಮರುದಿನವೇ ಅಪ್ಪ ಅಂಗಡಿಗೆ ಹೋಗಿ, ಆರು ಆಂಟೆನಾಗಳ ಹೊಸ ರೌಟರ್ ತರುತ್ತಾರೆ. ಹಳೆಯದು ಇದ್ದ ಜಾಗದಲ್ಲೇ, ಟೀವಿಯ ಹಿಂದೆ, ಅದನ್ನೂ ಇಡುತ್ತಾರೆ. ಒಳಕೋಣೆಯಲ್ಲಿ ಚಕ್ರ ಈಗಲೂ ಸುತ್ತುತ್ತದೆ!

ಇದು ಎಷ್ಟೋ ಮನೆಗಳ ಕಥೆ. ಕಾಯಿಲೆ ಯಾವುದೆಂದು ತಿಳಿಯದೆ ಔಷಧಿ ನುಂಗಿದರೆ ಗುಣವಾದೀತೆ?

ಮೊದಲು ಮೋಡೆಮ್ ಬೇರೆ, ರೌಟರ್ ಬೇರೆ ಎಂಬುದನ್ನು ತಿಳಿಯಬೇಕು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ಭಾರತದಲ್ಲಿ ಇಂಟರ್‌ನೆಟ್ಟನ್ನು ಸಾರ್ವಜನಿಕರಿಗೆ ತೆರೆದಾಗ ಅದು ಬರುತ್ತಿದ್ದುದು ಟೆಲಿಫೋನ್ ತಂತಿಯ ಮೂಲಕ. ಕಂಪ್ಯೂಟರಿನ ಸಂಕೇತಗಳನ್ನು ಆ ತಂತಿಯಲ್ಲಿ ಸಾಗಬಲ್ಲ ಧ್ವನಿಯಾಗಿ, ಬಂದ ಧ್ವನಿಯನ್ನು ಮತ್ತೆ ಸಂಕೇತವಾಗಿ ಬದಲಾಯಿಸುವುದು ಮೋಡೆಮ್‌ನ ಕೆಲಸವಾಗಿತ್ತು. ಇಂದು ಊರೂರಿಗೆ ಬಂದಿರುವ ಫೈಬರ್ ಸಂಪರ್ಕದಲ್ಲಿ ಗಾಜಿನ ಎಳೆಯೊಳಗೆ ಬೆಳಕು ಹರಿಯುತ್ತದೆ. ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆಗೆ ಓಎನ್‌ಟಿ ಎಂದು ಹೆಸರು. ರೌಟರ್ ಎಂದರೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರಿದ್ದಂತೆ. ಬಂದ ಮಾಹಿತಿಯಲ್ಲಿ ಅಕ್ಕನ ಫೋನಿಗೆ ಯಾವುದು, ತಮ್ಮನ ಕಂಪ್ಯೂಟರಿಗೆ ಯಾವುದು ಎಂದು ನೋಡಿ ಹಂಚುತ್ತದೆ. ಈಗ ಹಲವು ಮನೆಗಳಲ್ಲಿ ಎರಡೂ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡುತ್ತದೆ.

ದೋಷ ಎಲ್ಲಿದೆ?

ಇಂಟರ್‌ನೆಟ್ ನಿಮ್ಮ ಮಗನ ಮೇಜಿನವರೆಗೆ ಬರಲು ಮೂರು ಹಂತಗಳಿವೆ: ಬೀದಿಯಿಂದ ಮನೆಗೆ ಬರುವ ಎಳೆ, ಮನೆಯೊಳಗಿನ ಪೆಟ್ಟಿಗೆ, ಪೆಟ್ಟಿಗೆಯಿಂದ ಕೋಣೆಗೆ ಗಾಳಿಯಲ್ಲಿ ಬರುವ ವೈಫೈ. ಎಲ್ಲಿ ಕೆಟ್ಟಿದೆ ಎಂದು ಮನೆಯಲ್ಲೇ ಪತ್ತೆ ಮಾಡಬಹುದು. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿ ವೇಗ ನೋಡಿ. ಕಂಪ್ಯೂಟರ್ ಇಲ್ಲದವರು ಫೋನ್ ಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ ನಿಂತು ನೋಡಿದರೂ ಸರಿ. ಅಲ್ಲಿ ಚೆನ್ನಾಗಿದ್ದು ಕೋಣೆಯಲ್ಲಿ ಕೆಟ್ಟರೆ ದೋಷ ವೈಫೈಯದು. ಕೇಬಲ್ಲಿನಲ್ಲೂ ಕೆಟ್ಟರೆ ದೋಷ ಹೊರಗಿನ ಎಳೆಯಲ್ಲಿರಬಹುದು, ಪೆಟ್ಟಿಗೆಯಲ್ಲಿರಬಹುದು. ಓಎನ್‌ಟಿಯಲ್ಲಿ ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಮನೆಯೊಳಗೆ ಬರುತ್ತಿಲ್ಲ ಎಂದರ್ಥ. ಆಗ ಎಷ್ಟು ದುಬಾರಿ ರೌಟರ್ ತಂದರೂ ವ್ಯರ್ಥ. ಸಂಪರ್ಕ ಕೊಟ್ಟವರಿಗೆ ದೂರು ಕೊಡಬೇಕು.

ವೇಗದ ಲೆಕ್ಕದಲ್ಲೂ ಒಂದು ಗೊಂದಲವಿದೆ. ಯೋಜನೆಯಲ್ಲಿ ಬರೆದಿರುವುದು ಮೆಗಾಬಿಟ್. ಫೈಲ್ ಇಳಿಸುವಾಗ ಪರದೆ ಸಾಮಾನ್ಯವಾಗಿ ತೋರಿಸುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಬರುತ್ತದೆ. ಅದು ಮೋಸವಲ್ಲ. ಒಂದು ಆನ್‌ಲೈನ್ ಪಾಠಕ್ಕೆ ಕೆಲವೇ ಮೆಗಾಬಿಟ್ ಸಾಕು. ಅದು ನಡುವೆ ಕಡಿಯದಿರುವುದು ಮುಖ್ಯ.

ಖರ್ಚಿಲ್ಲದ ಚಿಕಿತ್ಸೆ

ವೈಫೈಯದೇ ದೋಷವಾದರೆ ಮೊದಲು ಪೆಟ್ಟಿಗೆಯ ಜಾಗ ಬದಲಿಸಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಕಾಂಕ್ರೀಟ್ ಗೋಡೆ ಇವೆಲ್ಲ ರೇಡಿಯೋ ಅಲೆಗಳಿಗೆ ಅಡ್ಡಿ. ಮನೆಯ ನಡುಭಾಗದಲ್ಲಿ, ಆಳೆತ್ತರದ ತೆರೆದ ಶೆಲ್ಫ್ ಒಳ್ಳೆಯ ಜಾಗ. ಪೆಟ್ಟಿಗೆಯನ್ನು ಸರಿಸುವಾಗ ಫೈಬರ್ ಎಳೆಯನ್ನು ಮಾತ್ರ ಮಡಿಚಬಾರದು. ಮಡಿಕೆಯಲ್ಲಿ ಬೆಳಕು ಸೋರುತ್ತದೆ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ನೆರೆಮನೆಗಳ ವೈಫೈ ಮತ್ತು ಮೈಕ್ರೋವೇವ್ ಒಲೆಯ ಗದ್ದಲ ಅಲ್ಲೇ ಹೆಚ್ಚು. 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಗೋಡೆ ದಾಟುವಲ್ಲಿ ಬಡಕಲು.

ಕೊಳ್ಳಲೇಬೇಕಾದರೆ

ಆಂಟೆನಾ ಎಣಿಸಬೇಡಿ. ನಿಮ್ಮ ಸಂಪರ್ಕಕ್ಕೆ ಯಾವ ಪೆಟ್ಟಿಗೆ ಹೊಂದುತ್ತದೆ ಎಂದು ಸಂಪರ್ಕ ಕೊಟ್ಟವರನ್ನೇ ಮೊದಲು ಕೇಳಿ. ಎರಡೂ ಅಲೆಗಳಲ್ಲಿ ಕೆಲಸ ಮಾಡುವಂಥದಿರಲಿ. ಯೋಜನೆ 100 ಮೆಗಾಬಿಟ್ ಮೀರಿದ್ದರೆ ಗಿಗಾಬಿಟ್ ಪೋರ್ಟ್‌ಗಳಿವೆಯೇ ನೋಡಿ. ಇಲ್ಲವಾದರೆ ವೇಗ 100ರಲ್ಲೇ ನಿಲ್ಲುತ್ತದೆ. ವೈಫೈ 6 ಇದ್ದರೆ ಒಂದೇ ಮನೆಯಲ್ಲಿ ಹತ್ತಾರು ಸಾಧನಗಳಿದ್ದರೂ ನಿಭಾಯಿಸುತ್ತದೆ. ತಯಾರಕರು ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಾರೆಯೇ ಎಂಬುದನ್ನೂ ವಿಚಾರಿಸಿ. ತಂದ ದಿನವೇ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಬದಲಿಸದೆ ಬಿಟ್ಟ ಪಾಸ್‌ವರ್ಡ್‌ಗಳಿಂದಲೇ. ಮಹಡಿ ಮನೆಯಾದರೆ, ಒಂದು ಭಾರೀ ರೌಟರಿಗಿಂತ ಮೇಲಕ್ಕೊಂದು ಕೇಬಲ್ ಎಳೆದು ಇನ್ನೊಂದು ಸಾಧಾರಣ ಪೆಟ್ಟಿಗೆ ಇಡುವುದು ಜಾಣತನ.

ಕರೆಂಟಿನ ಮಾತು ಮರೆಯುವಂತಿಲ್ಲ. ದೀಪ ಹೋದೊಡನೆ ನೆಟ್ ಹೋಗುವ ಮನೆಯಲ್ಲಿ ಉತ್ತಮ ರೌಟರ್ ಕೂಡ ನಂಬಿಕಸ್ಥನಲ್ಲ. ಇನ್ವರ್ಟರ್ ಇದ್ದರೆ ಅದರ ಪ್ಲಗ್‌ಗೆ ಹಾಕಿ. ಇಲ್ಲದಿದ್ದರೆ ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಸಾಕು. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಸಂಖ್ಯೆ ಸರಿಯಾಗಿ ಹೊಂದಬೇಕು, ಆಂಪಿಯರ್ ಕಡಿಮೆಯಾಗಬಾರದು. ಓಎನ್‌ಟಿ, ರೌಟರ್ ಬೇರೆಬೇರೆಯಾಗಿದ್ದರೆ ಎರಡಕ್ಕೂ ವಿದ್ಯುತ್ ಬೇಕು. ಮುಂಗಾರಿಗೆ ಮುನ್ನ ಮಲೆನಾಡು, ಕರಾವಳಿಯಲ್ಲಿ ಸಿಡಿಲು ಹೆಚ್ಚು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ನಿಜ. ಆದರೆ ಅಡಾಪ್ಟರ್ ಮೂಲಕ ಸಿಡಿಲಿನ ಹೊಡೆತ ಒಳಬರಬಲ್ಲದು. ಮೋಡ ಗುಡುಗುವ ಮುನ್ನವೇ ಪ್ಲಗ್ ಕಳಚಿಡಿ.

ಮೊದಲು ಹೇಳಿದ ಮನೆಯಲ್ಲಿ ಕೊನೆಗೆ ಆದದ್ದೇನು? ಒಂದು ಭಾನುವಾರ ಮಗಳೇ ಫೋನ್ ಹಿಡಿದು ಕೋಣೆಯಿಂದ ಕೋಣೆಗೆ ಅಲೆದು, ಎಲ್ಲೆಲ್ಲಿ ವೇಗ ಎಷ್ಟೆಂದು ಹಾಳೆಯ ಮೇಲೆ ಬರೆದಳು. ಅಪ್ಪ ತಮ್ಮ ಹಳೆಯ ರೌಟರನ್ನೇ ಟೀವಿಯ ಹಿಂದಿನಿಂದ ತೆಗೆದು ನಡುಮನೆಯ ಶೆಲ್ಫಿಗೇರಿಸಿದರು. ಚಕ್ರ ನಿಂತಿತು. ಹೊಸದನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಆ ಹಣ ಹೋಯಿತು. ಆ ಹಾಳೆಯನ್ನು ಮೊದಲೇ ಬರೆದಿದ್ದರೆ ಅದೂ ಉಳಿಯುತ್ತಿತ್ತು.